ಹಾಯಿದೋಣಿ ಮ್ಯಾಲಿಂದ ಸೋರತೈತಿ

ನವಿಲುತೀರ್ಥ, ಜುಲೈ ೧೯೭೬

ಅವ್ವಾ, ಅಣ್ಣ ಈ ಕಾರ್ಡ್ ಓದಿ ಹೇಳೂಮುಂದ ನೀ ನಗಬ್ಯಾಡ.

ಡ್ಯಾಮಿನ ನೀರಾಗ ಮಂದೀನ್ನ ದಾಟಸಾಕ ಧಣಿ ಕಾರವಾರದಿಂದ ಲಾರಿ ಮ್ಯಾಲ ತರಿಸಿದ ಹಾಯಿದೋಣಿಯೊಳಗ, ಮ್ಯಾಲ ಹಾಸಿದ ಹಲಗಿ ಕೆಳಗಿನ ಖೋಲ್ಯಾಗ ನಮ್ಮ ಸಂಸಾರ. ಈ ದೋಣಿಗೆ ಕೆಳಗಿಂದ ಒಂದು ಹನಿ ನೀರು ಬರೂದಿಲ್ಲ, ಮಳಿ ಬಂದ್ರ ಮಾತ್ರ ಮ್ಯಾಲಿಂದ ನೆಟ್ಟಗ ಹಾಸಗಿ ಮ್ಯಾಲ ಸೋರತೈತಿ. ನಿನ್ನ ಅಳಿಯಾರು ಹನಿ ಬಿದ್ದಲ್ಲೆಲ್ಲ ಡಾಂಬರ ಬಳದು ಒಳಗೆಲ್ಲ ಕರ್ರಗ ಮಾಡ್ಯಾರ. "ಈಗ ನಿಂತಿತು ನೋಡು" ಅಂತಾರ, ಮರುದಿನ ಕೌದಿ ತೊಯ್ದಿರತೈತಿ. ಬಸರಿ ಹೆಂಗಸು ಕುಂತ ನಿದ್ದಿ ಮಾಡಿ ಸಾಕಾಗೇ, ನನ್ನ ಕರಕೊಂಡು ಹೋಗು ಅಂತ ಅಣ್ಣಗ ಹೇಳಿ ಕಳಿಸಿದ್ದು.

ನಿನ್ನೆ ನಾನ ಹಟ ಹಿಡದೆ. ಕೊಡದ ನೀರಾಗ ಅರಿಷಿಣ ಕಲಿಸಿ, "ನೀವು ಮ್ಯಾಲ ಒಂದೊಂದ ಕಡೆ ಸುರುವ್ರಿ, ನಾ ಒಳಗ ನೋಡತೇನಿ" ಅಂದೆ.

"ಮಳಿ ಸಾಲದಂತ ನಾನೂ ಸುರುವಲೇನು?" ಅಂತ ಬೈಕೋತನ ಹತ್ತಿದ್ರು. ಹಾಯಿಕಂಬದ ಬುಡಕ್ಕ ಸುರುವಿದಾಗ ಹಳದಿ ನೀರು ಸಂದಿಯೊಳಗ ಇಳದು, ಹಲಗಿ ಗುಂಟ ಹರದು, ಮಾರು ದೂರ ಬಂದು ನನ್ನ ತಲಿ ಮ್ಯಾಲ ಬಿತ್ತು. ಕಂಬದ ಸುತ್ತ ಹಳೇ ಸೈಕಲ್ ಟ್ಯೂಬ್ ಬಿಗದು ಕಟ್ಟಿದಿವಿ. ಇವತ್ತ ಮುಂಜಾನಿಂದ ಮಳಿ ಹೊಡ್ಯಾಕ ಹತ್ತೈತಿ, ಹಾಸಗಿ ಒಣಾ ಐತಿ.

ನನ್ನ ನೆಗಡಿ ಕಡಿಮಿ ಆಗೈತಿ. ಅಣ್ಣನ್ನ ಈಗ ಕಳಸಬ್ಯಾಡ, ಏಳನೇ ತಿಂಗಳ ಕುಬಸದ ಹೊತ್ತಿಗೆ ಬಂದ್ರ ಸಾಕು.

ಇವರು ದೋಣಿ ಹತ್ತಿದವರಿಗೆಲ್ಲ ಸೋರೂ ಜಾಗಾ ತಾವ ಹುಡಕಿದ್ದು ಅಂತ ಹೇಳಾಕ ಹತ್ಯಾರ. ಕೇಳಿ ಕೇಳಿ ಸಾಕಾಗೈತಿ. ಟಪಾಲಿನವ ದಂಡಿಗೆ ನಿಂತಾನ, ಕೊಟ್ಟ ಬರತೇನಿ.

ನಿನ್ನ ಮಗಳು
ಸಾವಂತ್ರೆವ್ವ