ಮೇಜು ಹತ್ತಿದ ಹೆಡ್‌ಮಾಸ್ಟರು

ಅಪ್ಪಾ,

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲಿಟ್ಟರೆ ಅನ್ನದ ತಟ್ಟೆಗೆ ಕಾಲಿಟ್ಟ ಹಾಗೆ ಎನ್ನುತ್ತಿದ್ದೆಯಲ್ಲ, ಇವತ್ತು ನಿನ್ನ ಹಳೇ ಗಿರಾಕಿ ಹೆಡ್‌ಮಾಸ್ಟರನ್ನೇ ಅದರ ಮೇಲೆ ಹತ್ತಿಸಿದೆ. ಬೈಯುವುದಿದ್ದರೆ ಬೈದುಬಿಡು.

ನೀನು ಹೋದಮೇಲೆ ನನ್ನ ಎರಡೂ ಕಾಲುಗಳ ಬಲ ಅರ್ಧಕ್ಕರ್ಧ ಇಳಿದಿದೆ. ಕೋಲು ಹಿಡಿದು ನಡೆಯುತ್ತೇನೆ, ಆದರೆ ಮಂಡಿಯೂರಿದರೆ ಏಳಲಾಗುವುದಿಲ್ಲ. ಅಂಗಡಿ ಮುಚ್ಚು ಎಂದ ಚಿಕ್ಕಪ್ಪನಿಗೆ, "ಹೊಲಿಯೋದು ಕೈ, ಕಾಲಲ್ಲ" ಎಂದೆ. ತುಳಿಯುವ ಮಷೀನಿಗೆ ಮೋಟಾರು ಹಾಕಿಸಿದೆ. ಗಿರಾಕಿಯ ಕಾಲ ಬಳಿ ನೆಲಕ್ಕೆ ಕೂತು ಪ್ಯಾಂಟಿನ ಅಂಚಿಗೆ ಗುರುತು ಹಾಕುವುದೊಂದೇ ತಲೆನೋವಾಗಿ ಉಳಿದಿತ್ತು.

"ಸ್ಟೂಲ್ ಮೇಲೆ ಕಾಲಿಟ್ಟು ಮೇಜು ಹತ್ತಿ ಸಾರ್" ಎಂದೆ ಇವತ್ತು, ಹೊಸ ಪ್ಯಾಂಟು ತೊಟ್ಟು ನಿಂತ ಹೆಡ್‌ಮಾಸ್ಟರಿಗೆ.

"ಎಷ್ಟು ಮಕ್ಕಳನ್ನ ಬೆಂಚ್ ಮೇಲೆ ನಿಲ್ಲಿಸಿದ್ನೋ! ಈಗ ನನ್ನ ಸರದಿ ಬಂತಾ ತಾಯೀ?" ಎಂದು ನಗುತ್ತಲೇ ಹತ್ತಿದರು.

ಅವರ ಪಾದ ನೇರ ನನ್ನ ಕಣ್ಣೆದುರಿಗೇ ಬಂತು. ಕುರ್ಚಿಯಲ್ಲಿ ಕೂತೇ ಅಂಚು ಮಡಚಿ ಗುಂಡುಸೂಜಿ ಚುಚ್ಚಿದೆ. ಕೂದಲೆಳೆಯಷ್ಟೂ ಏರುಪೇರಿಲ್ಲ. ಇನ್ನು ಬರುವವರೆಲ್ಲ ಮೇಜು ಹತ್ತಲೇಬೇಕು.

ಇಳಿಯುವಾಗ ಅವರು, "ನಿಮ್ಮಪ್ಪ ಕೊನೇವರೆಗೂ ಆ ಮಂಡಿನೋವಲ್ಲೇ ನೆಲಕ್ಕೆ ಕೂತು ಗುರುತು ಹಾಕ್ತಿದ್ದ. ಬೇಡ ಅಂದ್ರೂ ಕೇಳ್ತಿರ್ಲಿಲ್ಲ" ಎಂದರು.

ನಾನು ಮೇಜು ಒರೆಸಿದೆ. ನೀನು ನೆಲಕ್ಕೆ ಕೂರುತ್ತಿದ್ದಾಗಲೂ ಅದು ಇಲ್ಲೇ ಇತ್ತು ಅಪ್ಪಾ. ನಾನೂ ಇಲ್ಲೇ ಇದ್ದೆ.