ತುಂಬೆಯ ಅರ್ಧ ಪಾಲು

ಕಬನೂರ, ಇಚಲಕರಂಜಿ
6 ಅಕ್ಟೋಬರ್ 2024

ಪ್ರೀತಿಯ ಅತ್ತೆಯವರಿಗೆ ಸೋನಾಲಿಯ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ನೇಸರಿಯಲ್ಲಿ ಬೆಳಿಗ್ಗೆ ಇಬ್ಬನಿ ಇರುತ್ತದೆ, ಗುರುಸಿದ್ದ ಭಾವ ಹಾಲು ಕರೆಯುವಾಗ ಬರಿಗಾಲಲ್ಲಿ ಕೊಟ್ಟಿಗೆಗೆ ಹೋಗಬೇಡಿ. ನಾನು ಚೆನ್ನಾಗಿದ್ದೇನೆ. ಲಾಳಿಯೊಳಗಿನ ಕಂಡಕಿಗೆ ನೂಲು ಸುತ್ತುವ ಕೆಲಸ ನಡೆದಿದೆ. ಮಗ್ಗಗಳ ಸದ್ದಿನಲ್ಲಿ ಹಗಲು ಹೋಗುತ್ತದೆ, ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ದೀಪಾವಳಿಗೆ ಮುಂಚೆ ನಮ್ಮ ದೀಪಕಣ್ಣ ಬಂದು ನನ್ನನ್ನು ರಬಕವಿಯ ತವರಿಗೆ ಕರೆದೊಯ್ಯುತ್ತಾನಂತೆ, ಈ ಮನೆ ಬಿಡಬೇಕಂತೆ. "ನೀ ತವರಿಗೆ ಹೋಗವಾ, ನಿಂದಿನ್ನೂ ಸಣ್ಣ ವಯಸ್ಸು" ಎಂದು ನೀವೇ ಇಲ್ಲಿಂದ ಭಾವನ ಮನೆಗೆ ಹೊರಡುವಾಗ ಹೇಳಿದ್ದನ್ನು ಅವನು ನೆನಪಿಸುತ್ತಾನೆ. ನಾನು ಇನ್ನೂ ಹ್ಞೂಂ ಅಂದಿಲ್ಲ.

ಅಂಗಳದ ತುಂಬೆ ಈ ಸಲ ತಾನಾಗಿಯೇ ಹುಟ್ಟಿದೆ. ನಿಮ್ಮ ಮಗ ನೇಸರಿಯ ಹೊಲದ ಬದುವಿನಿಂದ ಒಣಗಿದ ಗಿಡ ತಂದು ಉದುರಿಸಿದ್ದರಲ್ಲ, ಅದರದೇ ಬೀಜ. ಬೇಸಿಗೆಯಲ್ಲಿ ಅವರು ತೀರಿಕೊಂಡ ಮೇಲೆ ನಾನು ಅಂಗಳದ ಕಡೆ ನೋಡಿರಲೇ ಇಲ್ಲ. ಮಳೆ ಬಿದ್ದಾಗ ಗೋಡೆಯುದ್ದಕ್ಕೂ ಹಸಿರು ಎದ್ದಿತ್ತು. ಪಕ್ಕದ ಮನೆಯ ಚನ್ನವ್ವ "ಮಂದಿ ಗುಲಾಬಿ ಹಚ್ಚತಾರ, ನೀ ಕಸಾ ಬೆಳಸಾಕತ್ತೀಯೇನ?" ಎಂದು ನಕ್ಕಳು. ಮುಂದೆ ಹೂ ಬಿಟ್ಟಾಗ, ಸೋಮವಾರ ಶಿವನಿಗೆ ಬೇಕೆಂದು ಬೊಗಸೆ ಒಡ್ಡಿ ಬಂದವಳೂ ಅವಳೇ!

ಹೋದ ವರ್ಷ ತಾಯಿ ಮಗ ಈ ಹೂವಿಗಾಗಿ ಜಗಳವಾಡಿದಿರಿ. ನೀವು ಪೂಜೆಗೆಂದು ಒಂದೂ ಬಿಡದೆ ಕೀಳುತ್ತಿದ್ದಿರಿ. ಅವರು "ಅವ್ವಾ, ಜೇನಿಗೂ ಹೊಟ್ಟಿ ಐತಿ, ಅರ್ಧಾ ಬಿಡ" ಎಂದರೆ "ಹುಳದ ಕೂಡ ಶಿವ ಪಾಲು ಮಾಡ್ಕೋಬೇಕೇನೋ?" ಎಂದು ಬೈದಿರಿ. ಕೊನೆಗೆ ಬಾಗಿಲ ಬಲಕ್ಕೆ ನಿಮ್ಮ ಪಾಲು, ಎಡಕ್ಕೆ ಜೇನಿನದು ಎಂದಾಯಿತು. ಈಗ ಜೇನುಗಳು ನಿಮ್ಮ ಬಲಕ್ಕೂ ಬರುತ್ತವೆ. ಮೈಮೇಲೆ ನೀಲಿ ಪಟ್ಟೆ ಇರುವ ಜೇನೂ ಒಂದಿದೆ. ಮೊದಲ ದಿನ ನನಗೆ ಸಿಟ್ಟು ಬಂದು ಓಡಿಸಲು ಸೆರಗು ಎತ್ತಿದೆ. ಆದರೆ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವವು ಅವು ಮಾತ್ರ. ಸೆರಗು ಇಳಿಸಿದೆ.

ಕಾರ್ತಿಕ ಕಳೆದರೆ ಗಿಡ ಒಣಗುತ್ತವೆ. ಬೀಜ ಉದುರುವ ತನಕ ಯಾರೂ ಮುಟ್ಟಬಾರದು. ಬೇರೆ ಬಾಡಿಗೆಯವರು ಬಂದರೆ ಒಂದೇ ದಿನದಲ್ಲಿ ಕಿತ್ತು ಗುಡಿಸಿಬಿಡುತ್ತಾರೆ.

ಭಾವನವರಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ಗುಳಿಗೆ ತಪ್ಪಿಸಬೇಡಿ.

ನಿಮ್ಮ ಸೊಸೆ,
ಸೋನಾಲಿ ಬಸವಂತ

ತಾ.ಕ.: ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನನಗೆ ತವರು ಬೇಡ. ಈ ಮನೆಯಲ್ಲಿ ನಿಮ್ಮ ಜೊತೆ ಇರುವ ಆಸೆ ನನ್ನದು. ನೀವು ಬೇಡ ಎನ್ನುವುದಾದರೆ ಭಾವನ ಬಾಯಿಂದ ಹೇಳಿಸಬೇಡಿ. ಬಸ್ಸು ಹತ್ತಿ ಬಂದು, ನನ್ನ ಎದುರು ಕುಳಿತು, ನೀವೇ ಹೇಳಿ.