ಓದಿದವರು ಒಬ್ಬರು

೧೧ನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಈ ಸುದ್ದಿಯನ್ನು ಮೊದಲು ನನ್ನ ಕಿವಿಗೆ ಹಾಕಿದವರು ಚಿಕ್ಕಮ್ಮ, ಹೋದ ಭಾನುವಾರ. "ನನ್ನ ಕಥೆ ಯಾರೂ ಓದಲ್ಲ ಅಂತ ಗೋಳಾಡ್ತೀಯಲ್ಲೇ, ನಿಮ್ಮಕ್ಕ ದಿನಾ ಊಟದ ಹೊತ್ತಲ್ಲಿ ಫೋನಿಗೆ ಮೂಗು ಅಂಟಿಸ್ಕೊಂಡು ಕೂರ್ತಾಳಂತೆ!" ಅಂದರು.

ಅಂದಿನಿಂದ ಹಳೆಯ ಕಥೆಗಳನ್ನೆಲ್ಲ ಮತ್ತೆ ತೆಗೆದು ನೋಡುತ್ತಿದ್ದೇನೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು ಎರಡು ವರ್ಷ ಬರೆದು ಇಂಟರ್ನೆಟ್ಟಿಗೆ ಹಾಕಿದೆ. ಪ್ರತಿ ಕಥೆಯ ಕೆಳಗೂ ಒಂದೇ ಮಾತು: ಓದಿದವರು ಒಬ್ಬರು. ಹೆಸರು 'ಬಿಳಿಪಾರಿವಾಳ'. ಅವಳ ಮೆಚ್ಚುಗೆ ಬರುವುದು ಮಧ್ಯಾಹ್ನ ಒಂದೂವರೆಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಿನ್ನ ಊಟದ ಬಿಡುವೂ ಆಗಲೇ ಅಲ್ಲವೇ?

ಮೊನ್ನೆ ನನ್ನ ಕಥೆಯೊಂದರ ಕೆಳಗೆ ಅವಳು, "ಆ ಅಂಚೆಯವನ ಮೇಲೆ ನಂಗೆ ಮೊದಲಿಂದ್ಲೂ ಅನುಗುಮಾನ" ಎಂದು ಬರೆದಳು. ಅನುಮಾನವನ್ನೂ ಗುಮಾನಿಯನ್ನೂ ಕಲಸಿ ಆ ಪದ ಮಾಡಿದವಳು ನಮ್ಮಜ್ಜಿ. ನಮ್ಮ ಮನೆಯ ಹೊಸ್ತಿಲು ದಾಟದ ಪದ. ನೀನು ಸಿಕ್ಕಿಬಿದ್ದೆ, ಅಕ್ಕ!

ಅಯ್ಯೋ ಪಾಪ ಎಂದು ಓದುವ ಓದು ನನಗೆ ಬೇಡ. ಹೌದು ಎಂದು ಬರೆದುಬಿಡು. ಶನಿವಾರವೇ ಬರವಣಿಗೆ ಮುಚ್ಚಿ, ಗುಂಡಿ ಹೊಲಿದುಕೊಂಡು ಇರುತ್ತೇನೆ.

ನಿನ್ನ ತಂಗಿ

೧೪ನೇ ತಾರೀಖು, ಶುಕ್ರವಾರ

ನನ್ನ ಸಿಡುಕುಮೂತಿಗೆ,

ಬಿಳಿಪಾರಿವಾಳ ನಾನಲ್ಲ, ನಮ್ಮ ಲಾಂಡ್ರಿಯ ಇಸ್ತ್ರಿಯವಳು. ಫೋನು ಅವಳದು, ಆದರೆ ಅವಳಿಗೆ ಅಕ್ಷರ ಬಾರದು. ಜೋರಾಗಿ ಓದುವುದೂ ಅವಳು ಹೇಳಿದ್ದನ್ನು ಒತ್ತುವುದೂ ನನ್ನ ಕೆಲಸ. ಮೊದಲ ಕಥೆಯನ್ನು ಅಯ್ಯೋ ಪಾಪ ಎಂದೇ ಓದಿದೆ, ಒಪ್ಪಿದೆ. ಎರಡನೆಯದನ್ನು ಚಾದರ ಮಡಚುವ ಹನ್ನೊಂದು ಜನ ಕಾಡಿ ಓದಿಸಿಕೊಂಡರು. ನಿನ್ನ ಇಂಟರ್ನೆಟ್ಟು ಫೋನು ಎಣಿಸುತ್ತದೆ, ಕಿವಿ ಎಣಿಸುವುದಿಲ್ಲ. ಅಜ್ಜಿಯ ಪದ ನನ್ನ ಬಾಯಿಂದ ಜಾರಿತು. ಈಗ ಲಾಂಡ್ರಿಗೆಲ್ಲ ಅಂಟಿದೆ. ನಿನಗೆ ಹೇಳಿದ್ದರೆ ನೀನು ಇವರ ಮುಖ ನೋಡಿಕೊಂಡು ಬರೆಯುತ್ತಿದ್ದೆ, ಅದಕ್ಕೇ ಸುಮ್ಮನಿದ್ದೆ.

ಬರೆಯುವುದನ್ನು ಬಿಡುವುದಾದರೆ ನೀನೇ ಬಂದು ಇವರಿಗೆ ಹೇಳು. ನನಗೆ ಧೈರ್ಯವಿಲ್ಲ.

ನಿನ್ನ ಅಕ್ಕ

ತಾ.ಕ.: ಬೈಯಬೇಡ. ಬುಧವಾರ ಹೊಸ ಕಥೆ ಓದುವಾಗ ಕೊನೆಯ ಸಾಲು ನುಂಗಿಬಿಟ್ಟೆ. ಹೆಂಡತಿ ಗಂಡನ ಹತ್ತಿರ ಮರಳಿದ್ದು ನನಗೆ ಹಿಡಿಸಲಿಲ್ಲ. ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಳು ಎಂಬಲ್ಲಿಗೇ ನಿಲ್ಲಿಸಿದೆ. "ಹೋಗ್ಲಿ ಬಿಡೇ, ಆ ಗಂಡನ ಪೀಡೆ ತೊಲಗ್ತು!" ಎಂದಳು ಇಸ್ತ್ರಿಯವಳು. "ನೀನು ಸಾಕ್ತೀಯೇನೇ ಅವಳ ಮಕ್ಕಳನ್ನ?" ಎಂದಳು ಇನ್ನೊಬ್ಬಳು. ಮರುದಿನ ಬೆಳಗ್ಗೆ ಹೋಗಿ ನೋಡಿದರೆ, ಎಲ್ಲರೂ ಎರಡು ಪಂಗಡವಾಗಿ ಎರಡು ಮೇಜಿಗೆ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಚಾದರ ಮಡಚುತ್ತಿದ್ದರು.